ಪ್ರಮಾಣಪತ್ರವೂ ನುಚ್ಚಕ್ಕಿಯೂ

ನಮ್ಮ ಸಿರುಗುಪ್ಪ ಭತ್ತದ ಊರು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಲ್ಲಿ ಹರಿದ ಮೇಲೆ ಇಲ್ಲಿಯ ನೆಲದ ಬಣ್ಣವೇ ಬದಲಾಯಿತು; ಭತ್ತದ ಹಿಂದೆಯೇ ಅಕ್ಕಿ ಗಿರಣಿಗಳೂ ಬಂದವು. ನನ್ನ ಬಳಿ ಗಣಿತ ಕಲಿತ ಹುಡುಗರಲ್ಲಿ ಕೆಲವರು ಇಂದು ಆ ಗಿರಣಿಗಳ ಯಜಮಾನರು, ಹಲವರು ಅಲ್ಲಿಯ ಗುಮಾಸ್ತರು, ಹಮಾಲರು.

ಅಂಥ ಒಬ್ಬ ಶಿಷ್ಯ ಕೆಲವು ವರ್ಷಗಳ ಹಿಂದೆ ನನ್ನನ್ನು ತನ್ನ ಗಿರಣಿಗೆ ಕರೆದೊಯ್ದು, ಕಚೇರಿಯ ಗೋಡೆಗೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದ ಐಎಸ್‌ಒ 9001 ಪ್ರಮಾಣಪತ್ರವನ್ನು ತೋರಿಸಿದ. "ಇನ್ನು ನಮ್ಮ ಅಕ್ಕಿ ಲೋಕಮಾನ್ಯ ಆಯಿತು ಸಾರ್" ಎಂದ. ನಾನು ಸಂತೋಷಪಟ್ಟೆ. ಆದರೆ ಮನೆಗೆ ಬಂದು ಆ ವಿಷಯವನ್ನು ಓದಿದಾಗ ತಿಳಿದದ್ದು ಬೇರೆ. ಬ್ರಿಟನ್ನಿನ 1979ರ ಒಂದು ಮಾನಕವನ್ನು ಆಧರಿಸಿ 1987ರಲ್ಲಿ ಹೊರಬಂದ ಈ ಮಾನಕವು ಅಕ್ಕಿಯ ವಿಷಯದಲ್ಲಿ ಒಂದು ಮಾತನ್ನೂ ಹೇಳುವುದಿಲ್ಲ. ಸರ್ಕಾರ ಬೆಂಬಲ ಬೆಲೆಗೆ ಭತ್ತ ಕೊಳ್ಳುವಾಗ ತೇವಾಂಶ ಶೇ. 17ನ್ನು ಮೀರಬಾರದು ಎನ್ನುತ್ತದೆಯಲ್ಲ, ಅದು ಪದಾರ್ಥದ ಮಾನಕ. ಐಎಸ್‌ಒ 9001 ಪದ್ಧತಿಯ ಮಾನಕ. ಕೆಲಸ ಹೇಗೆ ನಡೆಯಬೇಕೆಂದು ಗೊತ್ತುಮಾಡಿಕೊಳ್ಳಿ, ಹಾಗೆಯೇ ನಡೆಸಿ, ನಡೆದದ್ದಕ್ಕೆ ದಾಖಲೆ ಇಡಿ, ತಪ್ಪು ಕಂಡರೆ ಕಾರಣ ಹುಡುಕಿ ತಿದ್ದಿಕೊಳ್ಳಿ ಎನ್ನುವುದಷ್ಟೇ ಅದರ ಸಾರ.

ಇಷ್ಟರಿಂದ ವ್ಯಾಪಾರ ಸುಧಾರಿಸುತ್ತದೆಯೇ? ಸುಧಾರಿಸುತ್ತದೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಅದೇ ಗಿರಣಿಯೇ ನನಗೆ ಸಾಕ್ಷಿ.

ಮೊದಲ ವರ್ಷ ಅವರು ಪ್ರತಿ ರಾಶಿಗೂ ಒಂದು ಸಾಲು ಬರೆದಿಟ್ಟರು: ಭತ್ತ ಬಂದಾಗಿನ ತೇವಾಂಶ, ಒಣಗಿಸಿದ ಹೊತ್ತು, ಕೊನೆಗೆ ಬಿದ್ದ ನುಚ್ಚು. ಎರಡು ತಿಂಗಳ ಸಾಲುಗಳನ್ನು ಒಟ್ಟಿಗೆ ನೋಡಿದಾಗ, ನಡುಹಗಲ ಉರಿಬಿಸಿಲಲ್ಲಿ ತೆಳ್ಳಗೆ ಹರಡಿ ಅವಸರದಿಂದ ಒಣಗಿಸಿದ ರಾಶಿಯಲ್ಲೇ ನುಚ್ಚು ಹೆಚ್ಚೆಂದು ಕಂಡುಬಂತು. ಬೇಗ ಒಣಗಿದ ಕಾಳಿನ ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಯಂತ್ರಕ್ಕೆ ಹೋದೊಡನೆ ಅದು ಮುರಿಯುತ್ತದೆ. ಕಣದಲ್ಲಿ ದುಡಿಯುವ ಮುದುಕನೊಬ್ಬನಿಗೆ ಈ ಸಂಗತಿ ಮೊದಲೇ ಗೊತ್ತಿತ್ತು. ಅವನನ್ನು ಯಾರೂ ಕೇಳಿರಲಿಲ್ಲ. ಕಾಗದದ ಮೇಲೆ ಅಂಕಿಯಾಗಿ ಬಂದ ಮೇಲೆ ಯಜಮಾನನಿಗೆ ಅದು ಕೇಳಿಸಿತು. ಇಡಿ ಅಕ್ಕಿಯ ಬೆಲೆಗೂ ನುಚ್ಚಿನ ಬೆಲೆಗೂ ಇರುವ ಅಂತರವನ್ನು ಬಲ್ಲವರಿಗೆ ಇದರ ಲಾಭವನ್ನು ವಿವರಿಸಬೇಕಾಗಿಲ್ಲ.

ಎರಡನೆಯ ವರ್ಷ ಲೆಕ್ಕ ಬರೆಯುವ ಹುಡುಗ ಒಂದು ರಾಶಿಯಲ್ಲಿ ಕಲ್ಲು ಉಳಿದಿದೆ ಎಂದು ನಿಜವನ್ನೇ ಬರೆದ. ತಪಾಸಣೆಗೆ ಬರುವವರು ನೋಡಿಬಿಟ್ಟಾರು ಎಂಬ ಸಿಟ್ಟಿಗೆ ಅವನ ಒಂದು ದಿನದ ಕೂಲಿ ಕತ್ತರಿಸಲಾಯಿತು. ಅಂದಿನಿಂದ ದಾಖಲೆ ಪುಸ್ತಕದಲ್ಲಿ ಒಂದು ದೋಷವೂ ಇಲ್ಲ! ಪ್ರಮಾಣಪತ್ರವೂ ಸುಸೂತ್ರವಾಗಿ ನವೀಕರಣಗೊಂಡಿತು. ಆರು ತಿಂಗಳಲ್ಲಿ ಬೆಂಗಳೂರಿನ ಹಳೆಯ ಗಿರಾಕಿಯೊಬ್ಬರು ಕಲ್ಲಿನ ಕಾರಣಕ್ಕಾಗಿ ಒಂದು ಲಾರಿ ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದರು.

ಈ ಕಥೆ ಕೇಳಿ ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು. ತನಿಖಾಧಿಕಾರಿಗಳು ಶಾಲೆಗೆ ಬರುವರೆಂದು ತಿಳಿದ ಹಿಂದಿನ ರಾತ್ರಿ ಕುಳಿತು ಮೂರು ತಿಂಗಳ ಪಾಠಟಿಪ್ಪಣಿಯನ್ನು ಒಂದೇ ಮಸಿಯಲ್ಲಿ ಬರೆದು ಮುಗಿಸಿದವರಲ್ಲಿ ನಾನೂ ಒಬ್ಬ. ಅವರು ಮೆಚ್ಚಿ ಸಹಿ ಹಾಕಿದರು. ಭಿನ್ನರಾಶಿ ಅರ್ಥವಾಗದ ಹುಡುಗರು ಹಿಂದಿನ ಬೆಂಚಿನಲ್ಲಿ ಹಾಗೆಯೇ ಕುಳಿತಿದ್ದರು. ಆ ಟಿಪ್ಪಣಿಯಲ್ಲಿ 'ಇಂದಿನ ಪಾಠ ತಲುಪಲಿಲ್ಲ' ಎಂದು ಒಂದು ದಿನವಾದರೂ ಬರೆಯುವ ಧೈರ್ಯ ನನಗಿದ್ದರೆ, ಮರುದಿನ ಅದೇ ಪಾಠವನ್ನು ಮತ್ತೆ ಮಾಡುತ್ತಿದ್ದೆನೇನೋ.

1950ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಎಡ್ವರ್ಡ್ಸ್ ಡೆಮಿಂಗ್, ಮುಂದೆ ಆಡಳಿತಗಾರರಿಗೆಂದು ಹದಿನಾಲ್ಕು ಸೂತ್ರಗಳನ್ನು ಬರೆದರು. ಕೆಲಸದ ಜಾಗದಿಂದ ಭಯವನ್ನು ಓಡಿಸಬೇಕೆಂಬುದು ಅವುಗಳಲ್ಲಿ ಒಂದು. ಕಾರ್ಖಾನೆಯ ಪಾಠದಲ್ಲಿ ಭಯಕ್ಕೇನು ಕೆಲಸ ಎಂದು ಮೊದಲು ನನಗೆ ಅನಿಸಿತ್ತು. ಕೂಲಿ ಕಳೆದುಕೊಂಡ ಆ ಹುಡುಗನ ಸುದ್ದಿ ಕೇಳಿದ ಮೇಲೆ ಅರ್ಥವಾಯಿತು. ಹೆದರಿದವನು ಬರೆದ ಅಂಕಿಯನ್ನು ನಂಬಿ ಯಾವ ಯಜಮಾನನೂ ಏನನ್ನೂ ತಿದ್ದಲಾರ.

ಇಂಥ ಮಾನಕಗಳೆಲ್ಲ ಬರಿಯ ಕಾಗದದ ಆಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಲಹೆಗಾರರ ಶುಲ್ಕ, ತಪಾಸಣೆಯ ವೆಚ್ಚ ಸಣ್ಣ ಗಿರಣಿಗಳಿಗೆ ಭಾರವೆಂಬುದು ನಿಜ. ಆದರೆ ರಾಶಿಗೊಂದು ಸಾಲು ಬರೆಯಲು ಎರಡು ಕ್ವೈರಿನ ಒಂದು ನೋಟುಪುಸ್ತಕ ಸಾಕು. ಪ್ರಮಾಣಪತ್ರವಿಲ್ಲದೆಯೂ ಆ ಕೆಲಸ ನಡೆಯಬಹುದು; ಆ ಕೆಲಸವಿಲ್ಲದ ಪ್ರಮಾಣಪತ್ರದಿಂದ ಗೋಡೆಗೆ ಶೋಭೆಯಷ್ಟೇ.

ಶಿಷ್ಯ ಜಾಣ. ಆ ಹುಡುಗನ ಕೂಲಿಯನ್ನು ಹಿಂದಿರುಗಿಸಿದ. "ತಪ್ಪು ಬರೆದವನಿಗೆ ದಂಡವಿಲ್ಲ, ಮುಚ್ಚಿಟ್ಟವನಿಗೆ ಉಂಟು ಅಂತ ಹೇಳಿದ್ದೇನೆ ಸಾರ್" ಎಂದ. "ಮೊದಲು ನೀನು ನಿನ್ನ ತಪ್ಪನ್ನು ಅದರಲ್ಲಿ ಬರಿಯಪ್ಪಾ, ಆಮೇಲೆ ಅವರು ನಂಬುತ್ತಾರೆ" ಎಂದೆ. ಬರೆದನೋ ಇಲ್ಲವೋ ತಿಳಿಯದು. ಈ ಬಾರಿ ಸುಗ್ಗಿ ಮುಗಿದ ಮೇಲೆ ಹೋದಾಗ ಗೋಡೆಯ ಕಡೆ ನೋಡದೆ ಆ ಪುಸ್ತಕವನ್ನೇ ಕೇಳಿ ತೆರೆಯಬೇಕೆಂದಿದ್ದೇನೆ.