ಮೆಜೆಸ್ಟಿಕ್‌ನ ನೂಕುನುಗ್ಗಲಿಗೆ ಮದ್ದು ನಾಯಂಡಹಳ್ಳಿಯಲ್ಲಿದೆ

ಬೆಂಗಳೂರಿನ ಕೆಂಗೇರಿಯಿಂದ ಬನಶಂಕರಿಗೆ ಮೆಟ್ರೊದ ನೇರಳೆ ಮಾರ್ಗದಲ್ಲಿ ಹೊರಟವರು ಆರು ನಿಲ್ದಾಣ ಕಳೆದು ಮೈಸೂರು ರಸ್ತೆ ನಿಲ್ದಾಣ ತಲುಪುತ್ತಾರೆ. ನಾಯಂಡಹಳ್ಳಿಯಲ್ಲಿ ಹೊರವರ್ತುಲ ರಸ್ತೆ ಅಡ್ಡ ಹಾಯುವ ಜಾಗ ಅದು. ಆ ರಸ್ತೆಯಲ್ಲಿ ಬಲಕ್ಕೆ ಹೋದರೆ ಬನಶಂಕರಿ, ಎಡಕ್ಕೆ ಹೋದರೆ ನಾಗರಬಾವಿ, ಸುಮನಹಳ್ಳಿ, ಪೀಣ್ಯ. ರೈಲು ಮಾತ್ರ ಎತ್ತಲೂ ತಿರುಗುವುದಿಲ್ಲ. ಮತ್ತೆ ಏಳು ನಿಲ್ದಾಣ ಮುಂದೆ ಹೋಗಿ ಮೆಜೆಸ್ಟಿಕ್‌ನ ನೆಲದಡಿಯಲ್ಲಿ ಇಳಿದು, ಹಸಿರು ಮಾರ್ಗದ ರೈಲು ಹತ್ತಿ ಎಂಟು ನಿಲ್ದಾಣ ದಕ್ಷಿಣಕ್ಕೆ ಬಂದರೆ ಬನಶಂಕರಿ. ಪೀಣ್ಯಕ್ಕಾದರೂ ಇದೇ ಕಥೆ: ಮೆಜೆಸ್ಟಿಕ್‌ವರೆಗೆ ಏಳು, ಅಲ್ಲಿಂದ ಉತ್ತರಕ್ಕೆ ಒಂಬತ್ತು. ದರ ನಿಗದಿಯಾಗುವುದು ಕ್ರಮಿಸಿದ ದೂರದ ಮೇಲೆ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದ ಮೇಲೆ, ಪ್ರಯಾಣಿಕ ತಾನು ಬಯಸದ ಈ ಸುತ್ತಿಗೂ ಇನ್ನಷ್ಟು ಕಾಸು ಕೊಡುತ್ತಿದ್ದಾನೆ.

ಮೆಜೆಸ್ಟಿಕ್‌ನ ನಾಡಪ್ರಭು ಕೆಂಪೇಗೌಡ ನಿಲ್ದಾಣದ ಇಕ್ಕಟ್ಟಿನ ಬಗ್ಗೆ ದೂರು ಬಂದಾಗಲೆಲ್ಲ ಚರ್ಚೆ ಎಸ್ಕಲೇಟರ್, ಬ್ಯಾರಿಕೇಡ್, ಭದ್ರತಾ ಸಿಬ್ಬಂದಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಆದರೆ ದೋಷ ಇರುವುದು ಕಟ್ಟಡದಲ್ಲಲ್ಲ, ಜಾಲದ ಆಕಾರದಲ್ಲಿ. 42.3 ಕಿ.ಮೀ. ಉದ್ದದ ಮೊದಲ ಹಂತವನ್ನು ಎರಡು ಗೆರೆಗಳು ನಡುವೆ ಒಮ್ಮೆ ಮಾತ್ರ ಕತ್ತರಿಸುವಂತೆ ಎಳೆಯಲಾಯಿತು. 2017ರ ಜೂನ್‌ನಲ್ಲಿ ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸುವ ಸೌಲಭ್ಯ ಸಿಕ್ಕಾಗ ನಗರ ಸಂಭ್ರಮಿಸಿತು, ಅದರಲ್ಲಿ ತಪ್ಪೇನಿಲ್ಲ. ಆಮೇಲೆ ಆದದ್ದೇನು? ಆ ಗೆರೆಗಳ ತುದಿಗಳು ಬೆಳೆಯುತ್ತಲೇ ಹೋದವು. 2021ರ ಜನವರಿಯಲ್ಲಿ ರೇಷ್ಮೆ ಸಂಸ್ಥೆ, ಆಗಸ್ಟ್‌ನಲ್ಲಿ ಕೆಂಗೇರಿ, 2023ರಲ್ಲಿ ವೈಟ್‌ಫೀಲ್ಡ್ ಮತ್ತು ಚಲ್ಲಘಟ್ಟ, 2024ರಲ್ಲಿ ಮಾದಾವರ. ತುದಿಗಳು ನಾಲ್ಕು ದಿಕ್ಕಿಗೂ ಚಾಚಿದವು, ಗಂಟು ಒಂದೇ ಉಳಿಯಿತು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದು ಆರ್.ವಿ. ರಸ್ತೆ ಎರಡನೇ ಇಂಟರ್‌ಚೇಂಜ್ ಆಯಿತು. ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಆದರೆ ಹಳದಿ ಮಾರ್ಗ ಕೂಡುವುದು ಹಸಿರು ಮಾರ್ಗವನ್ನು. ನೇರಳೆ ಮಾರ್ಗದ ವಿಜಯನಗರದವರು ಹಳದಿ ಮಾರ್ಗದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಬೇಕಾದರೆ ಮೆಜೆಸ್ಟಿಕ್‌ನಲ್ಲೂ ಬದಲಿಸಬೇಕು, ಆರ್.ವಿ. ರಸ್ತೆಯಲ್ಲೂ ಬದಲಿಸಬೇಕು. ಹೊಸ ಇಂಟರ್‌ಚೇಂಜ್ ಹಳೆಯದರ ಹೊರೆ ಇಳಿಸುವ ಬದಲು ಅದಕ್ಕೆ ಇನ್ನಷ್ಟು ಜನರನ್ನು ಕಳಿಸಿತು.

ಮೆಜೆಸ್ಟಿಕ್ ಇರುವುದೇ ಜನ ಸೇರುವುದಕ್ಕೆ, ಬಸ್ ನಿಲ್ದಾಣವೂ ರೈಲು ನಿಲ್ದಾಣವೂ ಅಲ್ಲೇ ಇರುವಾಗ ದಟ್ಟಣೆ ಸಹಜ ಎನ್ನುವವರಿದ್ದಾರೆ. ಪಶ್ಚಿಮದಿಂದ ಬರುವವರ ಮಟ್ಟಿಗೆ ಈ ವಾದ ಅಷ್ಟು ಗಟ್ಟಿಯಲ್ಲ. ಊರಿಗೆ ಹೋಗುವ ರೈಲು ಹಿಡಿಯುವವರು ಒಂದು ನಿಲ್ದಾಣ ಮೊದಲೇ, ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿಯುತ್ತಾರೆ. ಮೈಸೂರು ಕಡೆಯ ಬಸ್ಸುಗಳಿಗೆ ದೀಪಾಂಜಲಿನಗರದ ಬಳಿ ಸ್ಯಾಟಲೈಟ್ ನಿಲ್ದಾಣವಿದೆ. ಮೆಜೆಸ್ಟಿಕ್‌ನಲ್ಲೇ ಕೆಲಸವಿರುವವರು ಖಂಡಿತ ಬರಲಿ. ನೆಲದ ಮೇಲೆ ಕಾಲನ್ನೇ ಇಡದೆ ಒಂದು ಪ್ಲಾಟ್‌ಫಾರ್ಮಿನಿಂದ ಇನ್ನೊಂದಕ್ಕೆ ಓಡುವವರನ್ನು ಅಲ್ಲಿಗೆ ಕರೆತರುವ ಅಗತ್ಯವೇನು ಎಂಬುದಷ್ಟೇ ಪ್ರಶ್ನೆ. ರೈಲುಗಳ ಸಂಖ್ಯೆ ಹೆಚ್ಚಿಸಿದರೆ ಸಾಕು ಎಂಬ ಇನ್ನೊಂದು ಮಾತಿದೆ. ಬೋಗಿಯೊಳಗಿನ ಉಸಿರುಗಟ್ಟುವಿಕೆ ಅದರಿಂದ ಕಡಿಮೆಯಾದೀತು. ಆದರೆ ಎರಡೂ ಮಾರ್ಗಗಳಲ್ಲಿ ರೈಲುಗಳು ಹೆಚ್ಚಾದಷ್ಟೂ ಅದೇ ಮೆಟ್ಟಿಲುಗಳಿಗೆ ಬಂದು ಸುರಿಯುವ ಜನರೂ ಹೆಚ್ಚುತ್ತಾರೆ, ಮೆಟ್ಟಿಲು ಅಗಲವಾಗುವುದಿಲ್ಲ.

ದೆಹಲಿ ಈ ಪಾಠವನ್ನು ರಾಜೀವ್ ಚೌಕದಲ್ಲಿ ಕಲಿಯಿತು. ಅಲ್ಲೂ ಎರಡು ಪ್ರಮುಖ ಮಾರ್ಗಗಳು ನೆಲದಡಿ ಕೂಡುತ್ತವೆ. 2014ರಲ್ಲಿ ಕೇಂದ್ರೀಯ ಸಚಿವಾಲಯದಿಂದ ಮಂಡಿ ಹೌಸ್‌ಗೆ ಒಂದು ಪುಟ್ಟ ಕೊಂಡಿ ಹಾಕಿದರು. ರಾಜೀವ್ ಚೌಕಕ್ಕೆ ಹೋಗದೆಯೇ ಮಾರ್ಗ ಬದಲಿಸುವ ದಾರಿ ಅದರಿಂದ ಸಿಕ್ಕಿತು. ಆಮೇಲೆ ನಗರದ ಸುತ್ತ ಬಳಸುವ ಗುಲಾಬಿ ಮಾರ್ಗವೂ ಬಂತು. ಮಾಸ್ಕೊ ತನ್ನ ವರ್ತುಲ ಮಾರ್ಗವನ್ನು 1954ರಲ್ಲೇ ಪೂರ್ಣಗೊಳಿಸಿತು. ಅದೂ ಸಾಲದೆ 2023ರಲ್ಲಿ ಇನ್ನೂ ದೊಡ್ಡದೊಂದನ್ನು ಮುಗಿಸಿತು. ನಮ್ಮಲ್ಲಿ ಕಾಳೇನ ಅಗ್ರಹಾರದಿಂದ ನಾಗವಾರಕ್ಕೆ ಹೋಗುವ ಗುಲಾಬಿ ಮಾರ್ಗ ಎಂ.ಜಿ. ರಸ್ತೆಯಲ್ಲಿ ನೇರಳೆ ಮಾರ್ಗವನ್ನು ಕೂಡುವ ಯೋಜನೆಯಿದೆ. ಪೂರ್ವದವರಿಗೆ ಅದು ದೊಡ್ಡ ಉಪಕಾರ. ಪಶ್ಚಿಮಕ್ಕೆ ನಿಜವಾಗಿ ಬೇಕಾದದ್ದು ಕಿತ್ತಳೆ ಮಾರ್ಗ. ಜೆ.ಪಿ. ನಗರ 4ನೇ ಹಂತದಿಂದ ಮೈಸೂರು ರಸ್ತೆ, ಸುಮನಹಳ್ಳಿ, ಪೀಣ್ಯ, ಹೆಬ್ಬಾಳದ ಮೂಲಕ ಕೆಂಪಾಪುರಕ್ಕೆ, ಜೊತೆಗೆ ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆಗೆ: ಒಟ್ಟು 44.65 ಕಿ.ಮೀ. ಕೇಂದ್ರ ಸಂಪುಟ 2024ರ ಆಗಸ್ಟ್ 16ರಂದು 15,611 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಈ ಕಿತ್ತಳೆ ಮಾರ್ಗ ನೇರಳೆ ಮಾರ್ಗವನ್ನು ಎರಡು ಕಡೆ, ಹಸಿರು ಮಾರ್ಗವನ್ನು ಎರಡು ಕಡೆ ಮುಟ್ಟುತ್ತದೆ. ಅದು ಓಡತೊಡಗಿದರೆ ಕೆಂಗೇರಿಯವರು ಪೀಣ್ಯಕ್ಕೋ ಜೆ.ಪಿ. ನಗರಕ್ಕೋ ಹೋಗಲು ನಾಯಂಡಹಳ್ಳಿ ದಾಟಬೇಕಾಗಿಯೇ ಇಲ್ಲ.

ಇಂಥ ಯೋಜನೆಗೆ ರಾಜ್ಯ ಸರ್ಕಾರ ಡಬಲ್ ಡೆಕರ್ ರಸ್ತೆಯ ಗಂಟು ಹಾಕಿದೆ: ಅದೇ ಕಂಬಗಳ ಮೇಲೆ ವಾಹನಗಳಿಗೂ ಮೇಲ್ಸೇತುವೆ. ಎರಡು ಸಲ ರಸ್ತೆ ಅಗೆಯುವುದು ತಪ್ಪುತ್ತದೆ, ಜಾಗ ಉಳಿಯುತ್ತದೆ ಎಂಬ ಸಮರ್ಥನೆಯನ್ನು ತಳ್ಳಿಹಾಕಲಾಗದು. ಆದರೂ ಇದು ದುಬಾರಿ ವ್ಯವಹಾರ. ಸೇತುವೆ ಸೇರಿದರೆ ಕಂಬ ದಪ್ಪವಾಗುತ್ತದೆ, ನಿಲ್ದಾಣ ಇನ್ನಷ್ಟು ಮೇಲಕ್ಕೇರುತ್ತದೆ, ವಿನ್ಯಾಸ ಮತ್ತು ಹಣದ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಕಾರಿನವರಿಗೆ ಅನುಕೂಲ ಮಾಡಲು ಹೋಗಿ ಮೆಟ್ರೊ ತಡವಾದರೆ, ಆ ತಡದ ಬೆಲೆಯನ್ನು ಮೆಜೆಸ್ಟಿಕ್‌ನ ಮೆಟ್ಟಿಲ ಮೇಲೆ ನಿಂತವರು ತೆರುತ್ತಾರೆ. ಹೋಗಲಿ, ಸೇತುವೆ ಬೇಕೇ ಬೇಕು ಎಂದಾದರೆ ಇಂಟರ್‌ಚೇಂಜ್ ನಿಲ್ದಾಣಗಳ ನಡುವಿನ ಭಾಗಗಳನ್ನಾದರೂ ಮೊದಲು ಮುಗಿಸಿ ತೆರೆಯುವ ಕ್ರಮ ಇರಲಿ. ಮೈಸೂರು ರಸ್ತೆಯಿಂದ ಜೆ.ಪಿ. ನಗರದವರೆಗಿನ ತುಂಡು ಓಡಿದರೂ ಪಶ್ಚಿಮದ ಚಿತ್ರ ಬದಲಾಗುತ್ತದೆ. ಎರಡು ಮಾರ್ಗಗಳ ನಡುವಿನ ದಾಟುದಾರಿ ಟಿಕೆಟ್ ಗೇಟಿನ ಒಳಗೇ ಇರಬೇಕು. ಹೊರಗೆ ಬಂದು, ರಸ್ತೆ ದಾಟಿ, ಮತ್ತೆ ತಪಾಸಣೆಗೆ ನಿಲ್ಲಬೇಕಾದರೆ ಜನ ಹಳೆಯ ಮೆಜೆಸ್ಟಿಕ್ಕನ್ನೇ ಆರಿಸಿಕೊಳ್ಳುತ್ತಾರೆ.

ಕಿತ್ತಳೆ ಮಾರ್ಗ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಹೊರವರ್ತುಲ ರಸ್ತೆಯಲ್ಲಿ ಬಿಎಂಟಿಸಿ ಬಸ್ಸುಗಳು ಓಡುತ್ತಲೇ ಇವೆ. ಬೆಳಿಗ್ಗೆ ಸಂಜೆ ಮೈಸೂರು ರಸ್ತೆ ಮೆಟ್ರೊ ನಿಲ್ದಾಣದ ಬಾಗಿಲಿಂದಲೇ ಬನಶಂಕರಿಗೂ ಪೀಣ್ಯಕ್ಕೂ, ರೈಲಿನ ವೇಳೆಗೆ ಹೊಂದುವಂತೆ ಬಸ್ ಬಿಡಬಹುದು. ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆಯಿಂದಾಗಿ ಮಹಿಳೆಯರಿಗೆ ಟಿಕೆಟ್ಟಿನ ತಕರಾರೇ ಇಲ್ಲ. ಉಳಿದವರಿಗೆ ಮೆಟ್ರೊ ಟಿಕೆಟ್ಟೇ ಬಸ್ಸಿಗೂ ನಡೆಯುವಂತೆ ಬಿಎಂಟಿಸಿ ಮತ್ತು ಮೆಟ್ರೊ ನಡೆಸುವ ಬಿಎಂಆರ್‌ಸಿಎಲ್ ಒಪ್ಪಂದ ಮಾಡಿಕೊಂಡರೆ ಸಾಕು. ಇದಕ್ಕೆ ಕೇಂದ್ರ ಸಂಪುಟದ ಅನುಮತಿಯೂ ಬೇಡ, ಸಾವಿರಾರು ಕೋಟಿಯೂ ಬೇಡ.