ಆಸ್ನವೋ ಹಾಸನವೋ? ಯಾರ ಬಾಯಿ ಸರಿ?



ನಮ್ಮ ಹಾಸ್ಟೆಲಿನ ಹುಡುಗನೊಬ್ಬ ಕೆಲಸದ ಇಂಟರ್‌ವ್ಯೂಗೆ ಹೋಗಿದ್ದ. ಡಿಗ್ರಿ ಮುಗಿಸಿದವನು, ಅದೂ ಫಸ್ಟ್ ಕ್ಲಾಸಿನಲ್ಲಿ. ಒಳಗೆ ಕೂತಿದ್ದ ಮೂವರಲ್ಲಿ ಒಬ್ಬರು ‘ಯಾವ ಊರಪ್ಪ?’ ಅಂತ ಕೇಳಿದರು. ಇವನು ‘ಆಸ್ನ ಸಾರ್’ ಅಂದ. ಅವರು ಎದುರಿಗಿದ್ದ ಕುರ್ಚಿ ತೋರಿಸಿ, ‘ಆಸನ ಇಲ್ಲಿದೆ, ಕೂತ್ಕೊ. ಊರು ಯಾವುದು ಹೇಳು’ ಅಂದರು. ಮೂವರೂ ನಕ್ಕರು. ಆಮೇಲೆ ಕೇಳಿದ ಪ್ರಶ್ನೆಗಳಿಗೆಲ್ಲ ಇವನಿಗೆ ಉತ್ತರ ಗೊತ್ತಿತ್ತು. ಬಾಯಿ ಮಾತ್ರ ಬಿಡಲಿಲ್ಲ. ಬಿಟ್ಟರೆ ಇನ್ನೆಲ್ಲಿ ಒಂದು ‘ಹ’ ಬಿದ್ದುಹೋಗುತ್ತೋ ಅನ್ನೋ ಭಯ.

ರಾತ್ರಿ ಊಟದ ಹೊತ್ತಿಗೆ ಈ ಸುದ್ದಿ ಎಲ್ಲರ ಕಿವಿಗೂ ಬಿತ್ತು, ಜಗಳವೂ ಆಯಿತು. ‘ತಪ್ಪು ಇವನದೇ. ಬಾಬಾಸಾಹೇಬರು ಇಂಗ್ಲಿಷರ ಮುಂದೆ ಇಂಗ್ಲಿಷರಿಗಿಂತ ಚೆನ್ನಾಗಿ ಇಂಗ್ಲಿಷ್ ಆಡಿದರು. ನಿಮಗೆ ಒಂದು ಹಕಾರ ಕಲಿಯೋಕೆ ಏನು ಕಷ್ಟ?’ ಅಂತ ಸೀನಿಯರೊಬ್ಬರು ಬೈದರು. ‘ನಮ್ಮಪ್ಪ ನಮ್ಮವ್ವ ಆಡಿದ್ದೇ ಸರಿ. ಅದನ್ನ ಬಿಟ್ಟು ಅವರ ಬಾಯಿ ಯಾಕೆ ಎರವಲು ತರಬೇಕು?’ ಅಂತ ಇನ್ನೊಬ್ಬರು ತಟ್ಟೆ ಕುಟ್ಟಿದರು. ಎರಡೂ ಮಾತಿನಲ್ಲಿ ಸತ್ಯ ಇದೆ. ಅದಕ್ಕೇ ಇದನ್ನ ಬರೆಯುತ್ತಿದ್ದೇವೆ.

ಮೊದಲು ಈ ‘ಹ’ದ ಕತೆ ನೋಡೋಣ. ಅದೇ ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ ಹಲ್ಮಿಡಿ ಅಂತ ಊರಿದೆ. ಅಲ್ಲಿ ಸಿಕ್ಕ ಕಲ್ಲುಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಸುಮಾರು ಕ್ರಿ.ಶ. 450ರ ಕಲ್ಲು ಅಂತ ಹೇಳುತ್ತಾರೆ. ಕನ್ನಡದ ತೀರಾ ಹಳೆಯ ಶಾಸನಗಳಲ್ಲಿ ಒಂದು. ಆ ಕಲ್ಲಿನ ಮೇಲೆ ಊರಿನ ಹೆಸರು ಹೇಗಿದೆ ಗೊತ್ತೇ? ‘ಪಲ್ಮಡಿ’ ಅಂತ. ‘ಹ’ ಇಲ್ಲವೇ ಇಲ್ಲ. ಹಳೆಗನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಳ್ಳಿ ‘ಪಳ್ಳಿ’. ಶಿವಮೊಗ್ಗ ಜಿಲ್ಲೆಯ ಹೊಂಬುಜ ಆಗ ‘ಪೊಂಬುಚ್ಚ’. ಸುಮಾರು ಸಾವಿರ ವರ್ಷದ ಹಿಂದಿನಿಂದ ನಿಧಾನವಾಗಿ ‘ಪ’ ಹೋಗಿ ‘ಹ’ ಬಂತು. ಪಳ್ಳಿ ಹಳ್ಳಿಯಾಯಿತು. ಆಮೇಲೆ ತೆಂಕಣ ಜಿಲ್ಲೆಗಳ ದುಡಿಯುವ ಜನರ ಬಾಯಲ್ಲಿ ಆ ‘ಹ’ ಕೂಡ ಸವೆದು ಹಳ್ಳಿ ‘ಅಳ್ಳಿ’ ಆಯಿತು.

ಈಗ ಲೆಕ್ಕ ಹಾಕಿ. ‘ಅಳ್ಳಿ’ ಅನ್ನೋದು ಅಶುದ್ಧ ಅಂದರೆ ‘ಹಳ್ಳಿ’ ಅನ್ನೋದೂ ಅಶುದ್ಧವೇ. ಮೊದಲು ಕೆಡಿಸಿದವರು ಪಂಡಿತರಾದರು, ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹಾಕಿದವರು ದಡ್ಡರಾದರು! ಭಾಷೆಗೆ ಇದು ಕೆಡುಕೂ ಅಲ್ಲ, ಸುಧಾರಣೆಯೂ ಅಲ್ಲ, ಅದರ ನಡಿಗೆ ಅಷ್ಟೆ. ಡಿ.ಎನ್. ಶಂಕರ ಭಟ್ಟರಂಥ ವಿದ್ವಾಂಸರೂ ಕನ್ನಡದ ಬಾಯಿಗೂ ಕನ್ನಡದ ಬರಹಕ್ಕೂ ಇರುವ ದೂರದ ಬಗ್ಗೆ ಬರೆದಿದ್ದಾರೆ. ಭದ್ರಾವತಿಯನ್ನು ‘ಬದ್ರಾವತಿ’ ಅಂದವನು, ಧಾರವಾಡವನ್ನು ‘ದಾರವಾಡ’ ಅಂದವನು ತಪ್ಪು ಮಾಡಿದವನಲ್ಲ. ಕನ್ನಡದ ನಾಲಿಗೆಗೆ ಒಗ್ಗಿದ್ದನ್ನ ಆಡಿದವನು.

ಇನ್ನೊಂದು ಮಾತು. ಹಕಾರ ಬಿಡುವವರು ನಾವು ಮಾತ್ರ ಅಲ್ಲ. ಮೈಸೂರು, ಮಂಡ್ಯ, ಹಾಸನದ ಕಡೆ ಜಮೀನಿರುವ ಗೌಡರೂ ಬಿಡುತ್ತಾರೆ. ಅವರು ವೇದಿಕೆ ಮೇಲೆ ನಿಂತು ‘ಉಣ್ಸೂರು’ ಅಂದರೆ ಅದು ಮಣ್ಣಿನ ಸೊಗಡು, ಜನ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಹುಡುಗ ಅದೇ ‘ಉಣ್ಸೂರು’ ಅಂದರೆ ‘ಸಂಸ್ಕಾರ ಸಾಲದು, ರಿಸರ್ವೇಶನ್ ಕ್ಯಾಂಡಿಡೇಟು’. ಊರು ಒಂದೇ, ಬಿಟ್ಟ ಅಕ್ಷರವೂ ಒಂದೇ. ಬಾಯಿ ಯಾರದು ಅನ್ನೋದರ ಮೇಲೆ ತೀರ್ಪು.

ಈ ನಗೆ ಏನು ಮಾಡುತ್ತದೆ ಅಂತ ನಾವು ಹಾಸ್ಟೆಲಿನಲ್ಲೇ ಕಣ್ಣಾರೆ ಕಂಡಿದ್ದೇವೆ. ಹೆದರಿದ ಹುಡುಗರು ಬೇಡದ ಕಡೆಗೂ ‘ಹ’ ಅಂಟಿಸುತ್ತಾರೆ. ಅರಸೀಕೆರೆ ‘ಹರಸೀಕೆರೆ’ ಆಗುತ್ತದೆ. ಆಲೂರು ‘ಹಾಲೂರು’ ಆಗುತ್ತದೆ. ಆಗ ಇನ್ನೂ ಜೋರಾಗಿ ನಗುತ್ತಾರೆ. ಕೊನೆಗೆ ಹುಡುಗ ಮಾತಾಡುವುದನ್ನೇ ಬಿಡುತ್ತಾನೆ. ಕ್ಲಾಸಿನಲ್ಲಿ ಕಡೇ ಬೆಂಚು, ಸಭೆಯಲ್ಲಿ ಬಾಗಿಲ ಹತ್ತಿರ. ಅವರಿಗೆ ಬೇಕಾದದ್ದೂ ಅದೇ.

ಊರ ಹೆಸರು ಕೆಡಿಸಿದ್ದು ಯಾರು ಅನ್ನೋದನ್ನೂ ಸ್ವಲ್ಪ ವಿಚಾರಿಸೋಣ. ಇಂಗ್ಲಿಷರು ಬಂದರು. ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು, ಮಡಿಕೇರಿ ‘ಮರ್ಕೆರಾ’ ಆಯಿತು, ಬೆಂಗಳೂರು ‘ಬ್ಯಾಂಗಲೋರ್’ ಆಯಿತು. ಯಾರೂ ನಗಲಿಲ್ಲ. ನಗುವುದಿರಲಿ, ಓದಿದವರೆಲ್ಲ ತಾವೂ ಹಾಗೇ ಅಂದರು, ಲೆಟರ್‌ಹೆಡ್ಡಿನಲ್ಲಿ ಅಚ್ಚು ಹಾಕಿಸಿಕೊಂಡರು. ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೂ ಬಂತು. ಇಂಗ್ಲಿಷಿನಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಉತ್ತರದವರು ಇಂಗ್ಲಿಷ್ ಬೋರ್ಡು ನೋಡಿ ಹೊಳೆನರಸೀಪುರವನ್ನು ‘ಹೊಲೆನರಸೀಪುರ’ ಅಂತ ಓದಿದರೆ, ಆಗ ಮಾತ್ರ ನಮ್ಮ ಕೆಲವು ದೊಡ್ಡವರ ಮುಖ ಹುಳ್ಳಗಾಗುತ್ತದೆ. ಆ ಒಂದು ಅಕ್ಷರಕ್ಕೆ ಅಷ್ಟು ಮೈಲಿಗೆ!

ಕಡೆಗೆ 2014ರ ನವೆಂಬರ್ 1ರಂದು ರಾಜ್ಯ ಸರ್ಕಾರ 12 ಊರುಗಳ ಇಂಗ್ಲಿಷ್ ಹೆಸರನ್ನು ತಿದ್ದಿತು. ಬೆಂಗಳೂರು, ಮೈಸೂರು, ಮಂಗಳೂರು, ತುಮಕೂರು, ಶಿವಮೊಗ್ಗ, ಬಳ್ಳಾರಿ, ಹೊಸಪೇಟೆ ಎಲ್ಲ ಆ ಪಟ್ಟಿಯಲ್ಲಿದ್ದವು. ಒಳ್ಳೆಯದೇ. ಆದರೆ ಈ ‘ಸರಿಯಾದ’ ಹೆಸರನ್ನು ಅಲ್ಲಿವರೆಗೆ ಕಾಪಾಡಿಕೊಂಡು ಬಂದವರು ಯಾರು? ಇಸ್ಕೂಲು ಕಾಣದ ನಮ್ಮ ಅವ್ವ ಅಜ್ಜಿಯರು. ಕೂಲಿಗೆ ರೈಲು ಹತ್ತಿದ ನಮ್ಮ ಜನ ಒಂದು ದಿನವೂ ‘ಬ್ಯಾಂಗಲೋರ್’ ಅನ್ನಲಿಲ್ಲ, ‘ಬೆಂಗ್ಳೂರು’ ಅಂತಲೇ ಅಂದರು. ಹೆಬ್ಬೆಟ್ಟು ಒತ್ತುವವರ ಬಾಯಲ್ಲಿ ಮೊದಲೇ ಇದ್ದ ಮಾತಿಗೆ ಸರ್ಕಾರ ರುಜು ಹಾಕಲು ಅಷ್ಟು ವರ್ಷ ಬೇಕಾಯಿತು. ಅದೇ ಪಟ್ಟಿಯಲ್ಲಿ ಬಿಜಾಪುರ ‘ವಿಜಯಪುರ’ ಆಯಿತು. ಆ ಕಡೆಯ ಹಳ್ಳಿಯವರ ಬಾಯಲ್ಲಿದ್ದದ್ದು ಬಿಜಾಪುರ, ವಿಜಾಪುರ. ಅಂದರೆ ಒಂದು ಕಡೆ ಜನರ ಬಾಯಿಗೆ ಬೆಲೆ, ಇನ್ನೊಂದು ಕಡೆ ಪುಸ್ತಕದ ಬಾಯಿಗೆ ಬೆಲೆ.

ಒಂದು ಊರಿಗೆ ಒಂದೇ ಉಚ್ಚಾರ ಇರಬೇಕು ಅನ್ನುವುದೂ ಸುಳ್ಳು. ಮಂಗಳೂರನ್ನು ನೋಡಿ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಮೀನು ಮಾರುವವರು, ಕೊಳ್ಳುವವರು ಬೇರೆ ಬೇರೆ ಹೆಸರು ಹೇಳಿಕೊಂಡೇ ವ್ಯಾಪಾರ ಮಾಡುತ್ತಾರೆ. ಹೆಸರು ಹೆಚ್ಚಾದರೆ ಊರು ಮುಳುಗುವುದಿಲ್ಲ.

ಬಾಬಾಸಾಹೇಬರು 1891ರಲ್ಲಿ ಹುಟ್ಟಿದ ಊರನ್ನೇ ತೆಗೆದುಕೊಳ್ಳಿ. ಹಿಂದಿಯವರು ‘ಮಹೂ’ ಅಂತಾರೆ, ಮಿಲಿಟರಿಯವರ ಇಂಗ್ಲಿಷಿನಲ್ಲಿ ‘ಮ್ಹೌ’. ನಮ್ಮ ಕನ್ನಡದ ಪುಸ್ತಕಗಳು ಒಂದೊಂದೂ ಒಂದೊಂದು ಥರ ಬರೆದಿವೆ. ಅವರ ಹಿರಿಯರ ಊರು ರತ್ನಾಗಿರಿ ಜಿಲ್ಲೆಯದು. ಅದನ್ನೂ ಕೆಲವರು ‘ಅಂಬಡವೆ’ ಅಂತ, ಕೆಲವರು ‘ಅಂಬಾವಡೆ’ ಅಂತ ಬರೆಯುತ್ತಾರೆ. ಇದರಿಂದ ಯಾರಿಗೂ ಅವಮಾನ ಇಲ್ಲ. ಇದು ನಾಲಿಗೆಯ ವ್ಯತ್ಯಾಸ.

ಅವಮಾನ ಬೇರೆ ಕಡೆ ಇದೆ. ನಮ್ಮ ಕೇರಿಗೆ ಬನ್ನಿ.

ನಮ್ಮಲ್ಲಿ ಬಹಳ ಜನರ ಊರಿನಲ್ಲಿ ನಡೆದ ಸಂಗತಿ ಇದು. ಹಿಂದೆ ‘ಹೊಲಗೇರಿ’, ‘ಮಾದಿಗರ ಹಟ್ಟಿ’ ಅಂತಿದ್ದರು. ಆಮೇಲೆ ಸರ್ಕಾರದ ಕಾಗದದಲ್ಲಿ ‘ಹರಿಜನ ಕಾಲೋನಿ’ ಆಯಿತು, ‘ಎ.ಕೆ. ಕಾಲೋನಿ’ ಆಯಿತು. ನಮ್ಮ ಹುಡುಗರು ಚಂದಾ ಎತ್ತಿ, ನೀಲಿ ಬಣ್ಣ ಬಳಿದು ‘ಅಂಬೇಡ್ಕರ್ ನಗರ’ ಅಂತ ಬೋರ್ಡು ನೆಟ್ಟರು. ಬೋರ್ಡು ನೆಟ್ಟು ಎಷ್ಟೋ ವರ್ಷ ಆಯಿತು. ಬಸ್ಸಿನ ಕಂಡಕ್ಟರ್ ಈಗಲೂ ‘ಕಾಲೋನಿ ಇಳ್ಕೊಳ್ರಿ’ ಅಂತಾನೆ. ಹಾಲಿನ ಡೈರಿಯಲ್ಲಿ ‘ಕೇರಿಯವರು ಆ ಕಡೆ ನಿಲ್ಲಿ’ ಅಂತಾರೆ. ಮದುವೆ ಕಾಗದ ಕೊಡಲು ಬಂದ ಊರಿನವನು ದಾರಿ ಕೇಳುವಾಗ ದನಿ ತಗ್ಗಿಸಿ ಹಳೇ ಹೆಸರೇ ಹೇಳುತ್ತಾನೆ.

ಯಾಕೆ, ನಾಲಿಗೆ ಹೊರಳುವುದಿಲ್ಲವೇ? ಮಗ ಕೆಲಸಕ್ಕೆ ಹೋದ ಸ್ವಿಟ್ಜರ್‌ಲ್ಯಾಂಡಿಗೆ ಹೊರಳುತ್ತದೆ, ಫಿಲಡೆಲ್ಫಿಯಾಕ್ಕೆ ಹೊರಳುತ್ತದೆ, ಅಂಬೇಡ್ಕರ್ ನಗರಕ್ಕೆ ಮಾತ್ರ ಹೊರಳುವುದಿಲ್ಲ! ನಾಲಿಗೆ ಹೊರಳದಿದ್ದರೆ ಅದು ಉಚ್ಚಾರ, ಮನಸ್ಸು ಹೊರಳದಿದ್ದರೆ ಅದು ಜಾತಿ. ನಮ್ಮ ‘ಆಸ್ನ’ ಮೊದಲನೆಯದು. ಅವರ ‘ಕಾಲೋನಿ’ ಎರಡನೆಯದು. ತಿದ್ದಬೇಕಾದದ್ದು ಯಾವುದು?

ಒಂದು ಹೆಸರನ್ನು ಬಾಯಿಂದ ಆಡಲಾರೆವು ಅನ್ನುವ ಹಟ ಎಲ್ಲಿವರೆಗೆ ಹೋಗುತ್ತದೆ ಅಂತ ಮಹಾರಾಷ್ಟ್ರದಲ್ಲಿ ನೋಡಿದ್ದೇವೆ. 1978ರಲ್ಲಿ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಬಾಬಾಸಾಹೇಬರ ಹೆಸರಿಡಲು ಅಲ್ಲಿನ ಶಾಸನಸಭೆ ನಿರ್ಣಯ ಮಾಡಿತು. ಅದಕ್ಕೆ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು, ಹೆಣಗಳು ಬಿದ್ದವು. ಡಾ. ಬಾಬಾಸಾಹೇಬ್ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ ಅನ್ನುವ ಹೆಸರು ಬಂದದ್ದು 1994ರಲ್ಲಿ. ಒಂದು ಹೆಸರು ಬೋರ್ಡಿಗೆ ಏರಲು 16 ವರ್ಷ.

ಇತ್ತೀಚೆಗೆ ಕೆಲವು ಸರ್ಕಾರಗಳಿಗೆ ಸ್ವಲ್ಪ ಬುದ್ಧಿ ಬಂದಿದೆ. ಜಾತಿ ಹೆಸರು ಹೊತ್ತ ಕೇರಿಗಳ ಹೆಸರು ಬದಲಾಯಿಸಲು ಮಹಾರಾಷ್ಟ್ರ ಮಂತ್ರಿಮಂಡಲ 2020ರ ಡಿಸೆಂಬರಿನಲ್ಲಿ ತೀರ್ಮಾನ ಮಾಡಿತು. ಕೇರಳದಲ್ಲಿ 2024ರಲ್ಲಿ ‘ಕಾಲೋನಿ’ ಅನ್ನೋ ಮಾತು ಬಿಡಬೇಕು ಅಂತ ಆದೇಶ ಆಯಿತು. ತಮಿಳುನಾಡಿನಲ್ಲೂ ಸರ್ಕಾರದ ದಾಖಲೆಗಳಿಂದ ಆ ಮಾತು ತೆಗೆಯುತ್ತೇವೆ ಅಂತ 2025ರಲ್ಲಿ ಹೇಳಿದರು. ಸಂತೋಷ. ಆದರೆ ಕಾಗದದ ಮೇಲಿನ ಹೆಸರು ಬೇಗ ಬದಲಾಗುತ್ತದೆ, ಬಾಯಲ್ಲಿರುವುದು ಬೇಗ ಬದಲಾಗುವುದಿಲ್ಲ. ಆ ಕೆಲಸ ಆದೇಶದಿಂದ ಆಗುವಂಥದ್ದಲ್ಲ, ದಿನಾ ಬಾಯಿ ಬಿಟ್ಟು ಹೇಳುವುದರಿಂದ ಆಗುವಂಥದ್ದು.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಮೈಸೂರು ಕಡೆಯ ನಾವು ಇದೇ ಹಾಸ್ಟೆಲಿನಲ್ಲಿ ರಾಯಚೂರು, ಕಲಬುರ್ಗಿ ಕಡೆಯ ಗೆಳೆಯರ ಮಾತನ್ನು ಅಣಕಿಸಿ ನಕ್ಕಿದ್ದೇವೆ. ಅವರು ತಮ್ಮ ಊರಿನ ಹೆಸರು ಹೇಳಿದಾಗ ನಾವೇ ತಿದ್ದಲು ಹೋಗಿದ್ದೇವೆ. ಅವರ ಊರಿಗೆ ನಾವು ಮೇಷ್ಟ್ರಾಗೋದು ಯಾವ ನ್ಯಾಯ? ಇಂಟರ್‌ವ್ಯೂನಲ್ಲಿ ಕೂತು ನಕ್ಕ ಆ ಮೂವರಿಗೂ ನಮಗೂ ಏನು ಫರಕು ಉಳಿಯಿತು?

ಹಾಗಾದರೆ ಏನು ಮಾಡೋಣ? ಸೀನಿಯರ್ ಹೇಳಿದ್ದನ್ನು ಬಿಡಬೇಡಿ. ‘ಹ’ ಕಲಿಯಿರಿ. ಪರೀಕ್ಷೆಗೆ ಬೇಕು, ಕೋರ್ಟಿಗೆ ಬೇಕು, ಮೈಕಿನ ಮುಂದೆ ಬೇಕು. ರಾತ್ರಿ ಊಟ ಆದಮೇಲೆ ಅರ್ಧ ಗಂಟೆ ಒಬ್ಬರು ಪೇಪರ್ ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ತಪ್ಪಿದರೆ ತಿದ್ದಿ, ನಗಬೇಡಿ. ಆಯುಧ ಅಂತ ಕಲಿಯಿರಿ, ಪ್ರಾಯಶ್ಚಿತ್ತ ಅಂತ ಕಲಿಯಬೇಡಿ. ರಜೆಗೆ ಊರಿಗೆ ಹೋದಾಗ ಅವ್ವನ ಮುಂದೆ ‘ಹ’ ಒತ್ತಿ ಮಾತಾಡಿ ಆಕೆಯ ಬಾಯಿ ಮುಚ್ಚಿಸಬೇಡಿ.

ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿ. ಅಜ್ಜಿ ಹತ್ತಿರ ಕೂತು ನಿಮ್ಮ ಊರು, ಕೆರೆ, ಹೊಲ, ತಿಟ್ಟು, ದಾರಿ ಇವಕ್ಕೆಲ್ಲ ಆಕೆ ಏನು ಹೆಸರು ಹೇಳುತ್ತಾಳೋ ಹಾಗೇ ಬರೆದುಕೊಳ್ಳಿ, ತಿದ್ದದೆ. ಇನಾಮು, ತೋಟಿ, ತಳವಾರಿಕೆ ಭೂಮಿಯ ಗುರುತು ಎಷ್ಟೋ ಸಲ ಆ ಹೆಸರಿನಲ್ಲೇ ಉಳಿದಿರುತ್ತದೆ. ಗ್ರಾಮಸಭೆಯಲ್ಲಿ ಕೇರಿಯ ಹೊಸ ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ‘ಅಂಬೇಡ್ಕರ್ ನಗರ, ಒಂದು’ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಕಂಡಕ್ಟರ್ ‘ಯಾವುದದು?’ ಅಂದರೆ ಇನ್ನೊಂದು ಸಲ ಹೇಳಿ. ಹಳೇ ಹೆಸರು ಹೇಳಿ ಅವನಿಗೆ ದಾರಿ ಸುಲಭ ಮಾಡಿಕೊಡಬೇಡಿ.

ಆ ಹುಡುಗ ಮುಂದಿನ ತಿಂಗಳು ಇನ್ನೊಂದು ಇಂಟರ್‌ವ್ಯೂಗೆ ಹೋಗುತ್ತಾನೆ. ಯಾವ ಊರು ಅಂದರೆ ಏನು ಹೇಳಲಿ ಅಂತ ಕೇಳಿದ. ನಿನ್ನ ಬಾಯಿಗೆ ಬಂದದ್ದು ಹೇಳು, ಆದರೆ ಆಮೇಲಿನ ಒಂದು ಪ್ರಶ್ನೆಗೂ ಸುಮ್ಮನಿರಬೇಡ ಅಂದಿದ್ದೇವೆ.

ಜೈಭೀಮ್.