ಎಲ್‌ಕೆಜಿ ತೆರೆಯುವ ಮುನ್ನ ಅಂಗನವಾಡಿಯ ಲೆಕ್ಕ ನೋಡಿ

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಯಂಥ ದುಡಿಯುವವರ ಬಡಾವಣೆಗಳಲ್ಲಿ ನಾಲ್ಕು ವರ್ಷದ ಮಗುವನ್ನು ಫೀಸಿಲ್ಲದೆ ಸೇರಿಸಲು ಸರ್ಕಾರದ್ದೇ ಎರಡು ದಾರಿಗಳಿವೆ. ಒಂದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಂಗನವಾಡಿ. ಇನ್ನೊಂದು, ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಶಿಕ್ಷಣ ಇಲಾಖೆ ನಡೆಸುವ ಎಲ್‌ಕೆಜಿ. ಅವೇ ಮಕ್ಕಳಿಗಾಗಿ ಒಂದೇ ಸರ್ಕಾರದ ಎರಡು ಇಲಾಖೆಗಳು ಪೈಪೋಟಿಗೆ ನಿಂತಿವೆ.

ಇಂಗ್ಲಿಷ್ ಹೇಳಿಕೊಡ್ತಾರಾ, ಯೂನಿಫಾರಂ ಇದೆಯಾ, ಒಂದನೇ ಕ್ಲಾಸಿಗೆ ಅಲ್ಲೇ ಸೀಟು ಸಿಗುತ್ತಾ ಎಂದು ಪೋಷಕರು ಕೇಳುತ್ತಾರೆ. ಕೇಳುವುದು ತಪ್ಪಲ್ಲ. ರೇಷನ್ ಮೂಟೆ, ಗ್ಯಾಸ್ ಒಲೆ, ಮಕ್ಕಳು ಎಲ್ಲವೂ ಒಂದೇ ಬಾಡಿಗೆ ಕೋಣೆಯಲ್ಲಿರುವ ಅಂಗನವಾಡಿ ಆಟದ ಬಯಲಿರುವ ಶಾಲೆಯ ಮುಂದೆ ಸೋಲುವುದು ಸಹಜ.

ಆದರೆ ಈ ಹೋಲಿಕೆಯಲ್ಲಿ ಅಂಗನವಾಡಿಯ ಅರ್ಧ ಕೆಲಸ ಲೆಕ್ಕಕ್ಕೇ ಬರುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ 3ರಿಂದ 6 ವರ್ಷದ ಮಗುವಿಗೆ ಅಲ್ಲಿ ಪೌಷ್ಟಿಕ ಆಹಾರವನ್ನು ಹಕ್ಕಾಗಿಸಿದೆ. ಸರ್ಕಾರಿ ಶಾಲೆಯ ಪೂರ್ವ ಪ್ರಾಥಮಿಕ ಮಕ್ಕಳನ್ನೂ ಬಿಸಿಯೂಟಕ್ಕೆ ಸೇರಿಸುವುದಾಗಿ ಕೇಂದ್ರ 2021ರಲ್ಲಿ ಹೇಳಿದೆ, ನಿಜ. ಆದರೆ ತಿಂಗಳಿಗೊಮ್ಮೆ ಮಗುವಿನ ತೂಕ ನೋಡುವುದು, ಗರ್ಭಿಣಿಯ ಹೆಸರು ಬರೆದುಕೊಳ್ಳುವುದು, ಲಸಿಕೆಯ ದಿನ ಬಾಣಂತಿಯನ್ನು ಕರೆದು ತರುವುದು ಎಲ್‌ಕೆಜಿ ಮಿಸ್‌ನ ಕೆಲಸವಲ್ಲ. ಅದನ್ನೆಲ್ಲ ಮಾಡುವವರು ಗೌರವಧನಕ್ಕೆ ದುಡಿಯುವ ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿ.

ಅಪಾಯ ಇರುವುದು ಇಲ್ಲೇ. ನಾಲ್ಕು, ಐದು ವರ್ಷದವರು ಎಲ್‌ಕೆಜಿಗೆ ಹೋದರೆ ಅಂಗನವಾಡಿಯಲ್ಲಿ ಮೂರು ವರ್ಷದ ಬೆರಳೆಣಿಕೆಯ ಮಕ್ಕಳು ಉಳಿಯುತ್ತಾರೆ. ಆಮೇಲೆ 'ಹಾಜರಿ ಕಡಿಮೆ' ಎಂಬ ಷರಾ ಬೀಳುತ್ತದೆ, ಅದರ ಹಿಂದೆಯೇ ವಿಲೀನದ ಕಡತ ಓಡುತ್ತದೆ. ಸರ್ಕಾರಿ ಕನ್ನಡ ಶಾಲೆಗಳ ವಿಷಯದಲ್ಲಿ ಈ ಷರಾ ಎಲ್ಲಿಗೆ ಒಯ್ಯುತ್ತದೆಂದು ನಾವು ಕಂಡಿದ್ದೇವೆ. ಕೇಂದ್ರ ಮುಚ್ಚಿದರೆ ಮೊದಲ ಪೆಟ್ಟು ಬೀಳುವುದು ಎಲ್‌ಕೆಜಿಗೆ ಹೋದ ಮಗುವಿಗಲ್ಲ, ಮನೆಯಲ್ಲಿರುವ ಅದರ ಹಸುಗೂಸು ತಂಗಿಗೆ.

2024ರಲ್ಲಿ ಅಂಗನವಾಡಿ ನೌಕರರು ಬೀದಿಗಿಳಿದು ಇದನ್ನೇ ಹೇಳಿದರು. ಆ ಜುಲೈನಲ್ಲಿ ಸರ್ಕಾರ ಬೆಂಗಳೂರಿನ 250 ಅಂಗನವಾಡಿಗಳಲ್ಲಿ 'ಸರ್ಕಾರಿ ಮಾಂಟೆಸ್ಸರಿ' ಆರಂಭಿಸಿತು. ಒಳ್ಳೆಯದೇ. ಆದರೆ ಬೋರ್ಡು ಬದಲಾದ ಮಾತ್ರಕ್ಕೆ ಕೋಣೆ ದೊಡ್ಡದಾಗುವುದಿಲ್ಲ. ಪಾಠದ ಜೊತೆಗೆ ಪೋಷಣ್ ಆ್ಯಪ್, ಸರ್ವೆ ಕೆಲಸ ಎಲ್ಲವೂ ಅದೇ ಕಾರ್ಯಕರ್ತೆಯ ಹೆಗಲ ಮೇಲಿವೆ. ಇದರ ನಡುವೆ ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ ಬಂದಿದೆ. 2025–26ಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರೂ, ನಿಯಮ ಬಿಗಿಯಾದಷ್ಟೂ ಮಕ್ಕಳು ಶಾಲೆಯ ಹೊರಗೆ ಕಳೆಯುವ ತಿಂಗಳು ಹೆಚ್ಚುತ್ತವೆ. ಪೂರ್ವ ಪ್ರಾಥಮಿಕಕ್ಕೆ ಬೇಡಿಕೆ ಏರುವ ಹೊತ್ತಿನಲ್ಲೇ ಅಂಗನವಾಡಿಯನ್ನು ಸೊರಗಿಸುವುದು ದಡ್ಡತನ.

ಎರಡೂ ಇಲಾಖೆಗಳು ಮುಂದಿನ ದಾಖಲಾತಿಗೆ ಮೊದಲು ಒಟ್ಟಿಗೆ ಕೂರಬೇಕು. ಹೊಸ ಎಲ್‌ಕೆಜಿ ತೆರೆಯುವ ಶಾಲೆಯ ಸುತ್ತಲಿನ ಅಂಗನವಾಡಿಗಳ ಮಕ್ಕಳ ಪಟ್ಟಿಯನ್ನು ವಾರ್ಡ್‌ವಾರು ಪ್ರಕಟಿಸಲಿ. ಜಾಗವಿರುವ ಶಾಲೆಗಳ ಆವರಣಕ್ಕೇ ಅಂಗನವಾಡಿಯನ್ನು ತರಲಿ. ಎಲ್‌ಕೆಜಿ ಮಕ್ಕಳ ತೂಕವನ್ನೂ ಕಾರ್ಯಕರ್ತೆಯೇ ನೋಡುವಂತೆ ಆದೇಶಿಸಲಿ, ಆ ಕೆಲಸಕ್ಕೆ ಹಣವನ್ನೂ ಕೊಡಲಿ. ಈ ಲೆಕ್ಕ ಮೇಜಿನ ಮೇಲೆ ಬರುವವರೆಗೆ ನಗರದಲ್ಲಿ ಒಂದೂ ಅಂಗನವಾಡಿಯನ್ನು ವಿಲೀನ ಮಾಡಬಾರದು.